ಐಬು ಯಾರದು

ಅಫಜಲಪುರ
ತಾ. ೧೧-೨-೧೯೮೭, ಬುಧವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮ ದೌಲತನ ಶರಣು.

ಇಲ್ಲಿ ನಾನು ಆರಾಮ. ನಿನ್ನ ಮೊಣಕಾಲು ಹೇಗಿದೆ? ದೀಪಾವಳಿಗೆ ಕಳಿಸಿದ ಎಣ್ಣೆಯನ್ನು ಕಾಲಿಗೆ ಹಚ್ಚದೆ ಎಮ್ಮೆಯ ಕೊಂಬಿಗೆ ಹಚ್ಚಿರುತ್ತೀ, ನನಗೆ ಗೊತ್ತು. ಬಸವಂತರಾಯ ಮಾವನವರ ಕೆಮ್ಮು ಇಳಿಯಿತೇ? ಈ ಪತ್ರವನ್ನು ಅವರು ಹೊಲಕ್ಕೆ ಹೋದ ಮೇಲೆ ಓದಿಸಿಕೋ. ನೀನು ರೊಟ್ಟಿ ಬಡಿಯುತ್ತ ಕಾಗದ ಕೇಳುವವಳು. ಇವತ್ತೊಂದು ದಿನ ಕೈ ತೊಳೆದು, ಕೂತು ಕೇಳು.

ನೀನು ನನ್ನ ಜೊತೆ ಮಾತು ಬಿಟ್ಟು ಆರು ತಿಂಗಳಾಯಿತು. ನಾನು ಕಂಡಕ್ಟರಾಗಿರುವ ಬಸ್ಸು ದಿನಾ ನಿಮ್ಮೂರು ಅಂದೋಲಾಕ್ಕೆ ಬಂದು ತಿರುಗಿದರೂ ನೀನು ಹತ್ತುವುದಿಲ್ಲ. ಜೇವರ್ಗಿ ಸಂತೆಗೆ ಟೆಂಪೋದಲ್ಲಿ ನಿಂತುಕೊಂಡು ಹೋಗುತ್ತೀಯಂತೆ, ಆ ಕಾಲಿನಲ್ಲಿ. ನಿನ್ನ ಸಿಟ್ಟು ನ್ಯಾಯವಾದದ್ದೇ. ಭಾಗ್ಯವಂತಿಯನ್ನು ತೊಟ್ಟಿಲಿಗೆ ಹಾಕಿದ ದಿನ ಹತ್ತು ವರ್ಷದ ನನ್ನ ಕೈಯಿಂದ ಕುಪ್ಪಸದ ಖಣ ಇಡಿಸಿ, "ದೌಲ್ಯಾ, ನಿನ್ನ ಹೇಣ್ತಿ ಬಂದಾಳ ನೋಡಲೇ" ಅಂದವಳು ನೀನು. ಅಕ್ಕನ ಮಗಳು ಸೋದರಮಾವನಿಗೆ ಎಂಬುದು ನಮ್ಮಲ್ಲಿ ಯಾರೂ ಕೇಳಿ ಮಾಡುವುದಲ್ಲ. ಅವ್ವ ಸತ್ತ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದ ನೀನು ದಿನ ಗೊತ್ತುಮಾಡಲು ಬಂದರೆ, ನಾನು ಒಲ್ಲೆನೆಂದೆ. ಯಾಕೆಂದು ನೀನು ಕೇಳಿದೆ, ನಾನು ನಿನ್ನ ಮುಂದೆ ನೀರಿನ ಲೋಟ ಇಟ್ಟೆ. "ನನ್ನ ತವರಮನಿ ಬಾಗಲಾ ನೀನೇ ಮುಚ್ಚಿದೆಲ್ಲೋ" ಎಂದು ನೀನು ನೀರು ಕೂಡ ಕುಡಿಯದೆ ಎದ್ದು ಹೋದೆ. ಆ ಲೋಟ ಎರಡು ದಿನ ಅಲ್ಲೇ ಇತ್ತು, ಎತ್ತಿಡಲು ನನಗೆ ಕೈ ಬರಲಿಲ್ಲ.

ಅಂದು ಹೇಳದ್ದನ್ನು ಇಂದು ಹೇಳುತ್ತೇನೆ. ಅಕ್ಕಾ, ನನಗೆ ಹೆಣ್ಣಿನ ಮೇಲೆ ಮನಸ್ಸು ಬರುವುದಿಲ್ಲ. ಭಾಗ್ಯವಂತಿ ಎಂದಲ್ಲ, ಯಾವ ಹೆಣ್ಣಿನ ಮೇಲೂ. ನನ್ನ ಮನಸ್ಸು ಹೋಗುವುದು ಗಂಡಸಿನ ಕಡೆಗೆ. ಮೀಸೆ ಮೂಡುವ ಮೊದಲಿನಿಂದಲೂ ಹೀಗೇ. ಗಾಣಗಾಪುರದಲ್ಲಿ ವಾರವಿದ್ದು ದಿನಾ ಸಂಗಮದಲ್ಲಿ ಮುಳುಗಿದೆ. ನೆಗಡಿ ಬಂತು, ಮನಸ್ಸು ಬದಲಾಗಲಿಲ್ಲ. ನಮ್ಮ ಬಸ್ಸಿನ ಡ್ರೈವರ್ ಇಸ್ಮಾಯಿಲ ನಿನಗೆ ನೆನಪಿರಬೇಕು, ನಿನ್ನ ಶೇಂಗಾ ಹಿಂಡಿಗೆ ಆರು ರೊಟ್ಟಿ ತಿಂದವನು. ನಾಲ್ಕು ವರ್ಷ ಒಂದೇ ಖೋಲಿಯಲ್ಲಿದ್ದೆವು. ನೀನು ಗೆಳೆಯರೆಂದು ತಿಳಿದಿದ್ದೆ. ನನಗೆ ಅವನು ಅದಕ್ಕಿಂತ ಹೆಚ್ಚು, ಅವನಿಗೂ ನಾನು ಹಾಗೇ. ಅವನ ತಾಯಿ ಹಟ ಹಿಡಿದು ಅವನಿಗೆ ಖುರ್ಷಿದ ಎಂಬ ಹುಡುಗಿಯನ್ನು ತಂದಳು. ನಿಕಾದ ದಿನ ನಾನೇ ಮುಂದೆ ನಿಂತು ಮಂದಿಗೆ ಶರಬತ್ತು ಹಂಚಿದೆ. ಆಮೇಲೆ ಅವನು ಬೀದರಕ್ಕೆ ವರ್ಗ ಮಾಡಿಸಿಕೊಂಡು ಹೋದ, ಒಂದು ಕಾಗದವೂ ಇಲ್ಲ. ವರ್ಷದ ಮೇಲೆ ಖುರ್ಷಿದ ತವರಿಗೆ ಬಂದವಳು ನನ್ನನ್ನು ಹುಡುಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದು ಅತ್ತಳು: "ಅವರು ನನ್ನ ಮಾರಿ ಸೈತ ನೋಡಂಗಿಲ್ಲ. ನನ್ನಾಗ ಏನ್ ಐಬ ಐತ್ರಿ ಭಾಯಿ, ನೀವರ ಹೇಳ್ರಿ." ಏನೂ ಇಲ್ಲವೆಂದೆ, ಉಳಿದದ್ದನ್ನು ನುಂಗಿಕೊಂಡೆ. ಆ ಮಾರಿಯನ್ನು ನೋಡಿ ಬಂದವನು ನಿನ್ನ ಮಗಳಿಗೆ ತಾಳಿ ಹೇಗೆ ಕಟ್ಟಲಿ?

ಒಲ್ಲೆನೆಂದು ಹೇಳಿ ಅವಳನ್ನು ಉಳಿಸಿದೆನೆಂದು ತಿಳಿದಿದ್ದೆ. ಎಷ್ಟು ದಡ್ಡ ನಾನು. ಹೋದ ಸೋಮವಾರ ನಿಮ್ಮೂರಿನ ಹೆಂಗಸರಿಬ್ಬರು ನನ್ನ ಬಸ್ಸಿನಲ್ಲೇ ಕೂತು, ನಾನು ಬೆನ್ನ ಹಿಂದೆ ನಿಂತದ್ದು ತಿಳಿಯದೆ, ಮಾತಾಡುತ್ತಿದ್ದರು: "ಸ್ವಾದರಮಾವನ ಒಲ್ಲೆ ಅಂದಾನಂದ್ರ ಹುಡಿಗ್ಯಾಗ ಏನೋ ಐಬ ಇರಬೇಕ ಬಿಡವಾ." ಅದಕ್ಕೇ ಬೇರೆ ಯಾರೂ ಕೇಳಲು ಬರಲಿಲ್ಲವಂತೆ. ಆಳಂದದ, ಮಾವನವರ ವಯಸ್ಸಿನ, ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನಿಗೆ ಭಾಗ್ಯವಂತಿಯನ್ನು ಕೊಡುತ್ತೀರಂತೆ, ಶಿವರಾತ್ರಿಯಾದ ಮೇಲೆ ನಿಶ್ಚಯವಂತೆ.

ಅಕ್ಕಾ, ಆ ಸಂಬಂಧ ಬೇಡ. ಮಂದಿ ಕೇಳಿದರೆ ಐಬು ನನ್ನಲ್ಲಿದೆ ಎನ್ನು. ಮಾವನವರಿಗೂ ಹೇಳು, ಊರ ಹಿರಿಯರಿಗೂ ಹೇಳು. ನನ್ನ ಮಟ್ಟಿಗೆ ಇದು ಐಬಲ್ಲ, ನಾನು ಹುಟ್ಟಿದ್ದೇ ಹೀಗೆ. ಆದರೆ ಊರಿಗೆ ಯಾರ ಮೇಲಾದರೂ ಹೊರಿಸಲೇಬೇಕಿದ್ದರೆ ನನ್ನ ಮೇಲೆ ಹೊರಿಸಲಿ. ನಗುತ್ತಾರೆ, ನಗಲಿ. ನೀನು ಮಾತ್ರ ನಗಬೇಡ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಮೊದಲೇ ಹೇಳಿ ಕಳಿಸು, ಬೇರೆ ದಾರಿಯ ಬಸ್ಸು ಕೇಳಿಕೊಳ್ಳುತ್ತೇನೆ. ನೀನು ಟೆಂಪೋದಲ್ಲಿ ನಿಲ್ಲುವುದು ಬೇಡ.

ಮಾವನವರಿಗೆ ಶರಣು. ಘತ್ತರಗಿ ತಾಯಿ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ಕೈತುತ್ತು ತಿಂದು ಬೆಳೆದ,
ದೌಲತರಾಯ

ತಾ.ಕ.: ಭಾಗೂ, ನಿಮ್ಮವ್ವನಿಗೆ ಅಕ್ಷರ ಬರುವುದಿಲ್ಲ, ಮನೆಯಲ್ಲಿ ಕಾಗದ ಓದುವವಳು ನೀನೊಬ್ಬಳೇ. ಪಾಟಿಯ ಮೇಲೆ ನಿನಗೆ ಅ ಆ ತಿದ್ದಿಸಿದವನು ನಾನೇ ಅಲ್ಲವೇ? ಇದೆಲ್ಲ ಮೊದಲು ನಿನಗೇ ಹೇಳಬೇಕಿತ್ತು, ನಿನ್ನ ಮುಂದೆ ನಿಂತು ಹೇಳುವ ಧೈರ್ಯ ಬರಲಿಲ್ಲ, ತಪ್ಪಾಯಿತು. ಎಲ್ಲವನ್ನೂ ಓದಲು ನಾಲಿಗೆ ಏಳದಿದ್ದರೆ ಎಣ್ಣೆ, ಎಮ್ಮೆಯ ಸುದ್ದಿಯಷ್ಟೇ ಓದಿ ಕಾಗದವನ್ನು ಒಲೆಗೆ ಹಾಕು, ನನಗೆ ಬೇಸರವಿಲ್ಲ. ಆದರೆ ಇದೊಂದು ಸಾಲನ್ನು ಅವ್ವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದು, ನಿನಗೂ ಕೇಳಬೇಕು: ಭಾಗ್ಯವಂತಿಯಲ್ಲಿ ಯಾವ ಐಬೂ ಇಲ್ಲ.