ಅಳಿಯನ ಗಂಟಲಿಗೆ ಮಾವನ ಕಾವಲು

ಸ್ಯಾನ್ ಡಿಯಾಗೊ,
ಮಂಗಳವಾರ

ಸಂಗೀತ ಮೇಷ್ಟ್ರಾದ ನನ್ನ ಅಪ್ಪನಿಗೆ,

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ; ನಿಮ್ಮ ಅಳಿಯ ಡೆರೆಕ್ ಎತ್ತಿದರೂ ಮಾತಾಡುವಂತಿಲ್ಲ. ಅದಕ್ಕೇ ಈ ಕಾಗದ.

ಡೆರೆಕ್ ನಲವತ್ತು ವರ್ಷ ಕಿರುಚಿದ್ದಾನೆ. ಬರ್ಮಿಂಗ್‌ಹ್ಯಾಮಿನ ಪಬ್ಬಿನಲ್ಲಿ ಶುರುಮಾಡಿ, ಲಾಸ್ ಏಂಜಲೀಸ್‌ಗೆ ಬಂದು, ಮೂರು ಬ್ಯಾಂಡ್ ಒಡೆದು, ತಲೆ ಬೋಳಾದ ಮೇಲೂ ಕಿರುಚಿದ. ಹಾರ್ಡ್ ರಾಕ್ ಹಾಡುವವನಿಗೆ ಗಂಟಲೂ ಬಂಡೆಯೇ ಎಂದುಕೊಂಡಿದ್ದ. ಆ ಗಂಟಲಿನ ಗಂಟುಗಳನ್ನು ಈಗ ಕುಯ್ದು ತೆಗೆದಿದ್ದಾರೆ. ತಿಂಗಳಿಡೀ ಪಿಸುಮಾತೂ ಕೂಡದು, ಮೀರಿದರೆ ದನಿ ಮರಳಿ ಬಾರದು ಎಂದು ಡಾಕ್ಟರ್ ಹೇಳಿದ್ದು ನಿಮ್ಮೆದುರೇ. ನಾನು ಇಲ್ಲಿ ಕೆಲಸಕ್ಕಿರುವಾಗ ಅವನ ಮೌನ ಕಾಯಲೆಂದು ನಿಮ್ಮನ್ನು ಲಾಸ್ ಏಂಜಲೀಸ್‌ನ ನಮ್ಮ ನಾರ್ತ್‌ರಿಜ್ ಮನೆಯಲ್ಲಿ ಬಿಟ್ಟೆ. ಮೇಷ್ಟ್ರನ್ನು ಮೌನಕ್ಕೆ ಕಾವಲಿಟ್ಟ ಬುದ್ಧಿವಂತೆ ನಾನು.

ನಿನ್ನೆ ಪಕ್ಕದ ಮನೆಯ ಸ್ವರ್ಣಲತಾ ಆಂಟಿ ಫೋನ್ ಮಾಡಿ, "ಬೆಳಿಗ್ಗೆ ಬೆಳಿಗ್ಗೆ ನಿಮ್ಮಲ್ಲಿ ಹಾಡು ಕೇಳ್ತದಲ್ಲ ಮಾರಾಯ್ತಿ" ಎಂದರು. ಅವನಿಗೆ ಮೆಸೇಜಿನಲ್ಲೇ ಬಾಯಿಗೆ ಬಂದಂತೆ ಬೈದೆ. ಉತ್ತರ ಬಂತು: "ನಾನು ತುಟಿ ತೆರೆದಿಲ್ಲ. ಹಾಡ್ತಿರೋದು ನಿನ್ನಪ್ಪ. ನಿನಗೆ ಹೇಳಬಾರದು ಅಂದಿದ್ದಾರೆ."

ಅಮ್ಮ ಹೋದ ಮೇಲೆ ನಾನೆಷ್ಟು ಗೋಗರೆದರೂ ನೀವು ತಂಬೂರಿಯ ಮುಸುಕು ತೆಗೆಯಲಿಲ್ಲ. ಅವನ ಹಾಡನ್ನು ಬೀದಿಜಗಳ ಎಂದವರೂ ನೀವೇ. ಈಗ ಅವನೆದುರು ಕಛೇರಿ. ನನಗೆ ಹೊಟ್ಟೆಕಿಚ್ಚಾಗದೆ ಇನ್ನೇನಾದೀತು?

ಅವನು ಗುನುಗಲೂ ಬಿಡಬೇಡಿ. ಸಾರಿಗೆ ಖಾರ ಕಡಿಮೆ ಹಾಕಿ. ಶನಿವಾರ ಬೆಳಿಗ್ಗೆ ಡ್ರೈವ್ ಮಾಡಿಕೊಂಡು ಬರುತ್ತೇನೆ. ಬಾಗಿಲ ಸದ್ದಾಯಿತೆಂದು ದಯವಿಟ್ಟು ಹಾಡು ನಿಲ್ಲಿಸಿಬಿಡಬೇಡಿ. ಡಾಕ್ಟರ್ ಬಾಯಿ ಮುಚ್ಚಿಸಿರುವುದು ಅವನೊಬ್ಬನದು.

ಸಿಟ್ಟಿನಲ್ಲಿರುವ ನಿಮ್ಮ ಮಗಳು,
ಶ್ರದ್ಧಾ