ಆಸ್ಪತ್ರೆ ಸ್ಟಾಪಿನ ಹನ್ನೊಂದು ಸೆಕೆಂಡು

ಮಾರ್ಚ್ ೯, ಗುರುವಾರ

ಟೈಲರಕ್ಕನ ಮಾತು ತಲೆಯಿಂದ ಇಳಿಯುತ್ತಿಲ್ಲ. ಸಂಜೆ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ವಾರ್ಡಿನ ಚುನಾವಣಾ ಸಭೆಗೆ ಹೋಗಿದ್ದೆ. ಸಾರಿಗೆಗೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಒಬ್ಬ ಅಭ್ಯರ್ಥಿ ಮೇಲ್ಸೇತುವೆ ಕಟ್ಟಿದ, ಇನ್ನೊಬ್ಬ ಸುರಂಗವನ್ನೇ ಕೊರೆದ, ಎಲ್ಲ ಬಾಯಲ್ಲೇ. ಕೊನೆಗೆ, ತಾವೂ ಚುನಾವಣೆಗೆ ನಿಂತಿರುವ ನಮ್ಮ ಬೀದಿಯ ಟೈಲರಕ್ಕ ಎದ್ದರು.

"ಆಸ್ಪತ್ರೆ ಸ್ಟಾಪಲ್ಲಿ ಬಸ್ಸುಗಳು ಹನ್ನೊಂದು ಸೆಕೆಂಡು ನಿಲ್ತವೆ. ನಮ್ಮಮ್ಮನಿಗೆ ಹತ್ತೋಕೆ ಮೂವತ್ತು ಬೇಕು. ಮೂರು ವಾರ ಅಲ್ಲೇ ನಿಂತು ಎಣಿಸಿದೀನಿ. ಅಷ್ಟು ಹೊತ್ತು ನಿಲ್ಲೋ ಹಾಗೆ ವೇಳಾಪಟ್ಟಿ ಬದಲಾಯಿಸ್ತೀನಿ."

"ಇಷ್ಟೇನಾ?" ಎಂದು ಯಾರೋ ನಕ್ಕರು.

"ಇಷ್ಟೇ. ಇದು ನನ್ನ ಕೈಲಾಗುತ್ತೆ."

ಒಂಬತ್ತು ವರ್ಷದಿಂದ ಆ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸುತ್ತಿರುವವನು ನಾನು. ಒಂದು ದಿನವೂ ಎಣಿಸಿರಲಿಲ್ಲ. ಸಭೆ ಮುಗಿದ ಮೇಲೆ ಅಳುಕುತ್ತಲೇ ಕೇಳಿದೆ: "ಅಕ್ಕಾ, ನನ್ನ ಬಸ್ಸನ್ನೂ ನೋಡಿದ್ರಾ?"

"ನೋಡ್ದೆನಪ್ಪ. ನಿಂದು ಹದಿನಾಲ್ಕು. ನೀನೊಬ್ಬನೇ ಹತ್ತೋರನ್ನ ಕನ್ನಡೀಲಿ ನೋಡಿ ಹೊರಡ್ತೀಯ."

ನನಗೇ ಗೊತ್ತಿಲ್ಲದ ಮೂರು ಸೆಕೆಂಡನ್ನು ಬಿಸಿಲಲ್ಲಿ ನಿಂತು ಬರೆದಿಟ್ಟುಕೊಂಡಿದ್ದಾರೆ ಮಹಾತಾಯಿ.

"ಅವರೆಲ್ಲಿ ಗೆಲ್ತಾರೆ ಬಿಡಿ," ಅನ್ನುತ್ತಾಳೆ ನನ್ನವಳು. ಇರಬಹುದು. ನಾಳೆಯಿಂದ ಅಲ್ಲಿ ಕೊನೆಯವರು ಕೂತ ಮೇಲೆಯೇ ಬ್ರೇಕಿನಿಂದ ಕಾಲು ತೆಗೆಯುವುದು. ತಡವಾಯಿತೆಂದು ಡಿಪೋದಲ್ಲಿ ಸಾಹೇಬರು ಬೈದರೆ ಬೈಯಲಿ. ಅವರ ತಾಯಿಯೂ ಒಂದು ದಿನ ಆ ಮೆಟ್ಟಿಲು ಹತ್ತಬೇಕಲ್ಲ.