ಅಕ್ಕನ ಮಗ ನನ್ನ ಸಹಪಾಠಿ

ಹೌನ್ಸ್ಲೋ, ಲಂಡನ್
೧೬ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಚನ್ನಕ್ಕಾ,

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ವಿಜಯಪುರದಲ್ಲಿ ಬಿಸಿಲು ಏರಿರಬೇಕು. ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಸ್ಟಾಫ್ ರೂಮಿನಲ್ಲೇ ಕೂತಿದ್ದು, ಬಿಸಿಲು ಇಳಿದ ಮೇಲೆ ಮನೆಗೆ ಬಾ. ಹತ್ತನೇ ತರಗತಿಯವರ ಪರೀಕ್ಷೆ ಬಂತೆಂದು ಊಟ ಬಿಟ್ಟು ಓಡಾಡಬೇಡ. ಗಣಿತ ಬರುವವರಿಗೆ ಬರುತ್ತದೆ, ಬಾರದವರಿಗೆ ನೀನು ಉಪವಾಸ ಬಿದ್ದರೂ ಬರುವುದಿಲ್ಲ. ನಾವಿಬ್ಬರೂ ಆರಾಮಾಗಿದ್ದೇವೆ. ನಮ್ಮ ಮನೆಯವರಿಗೆ ಏರ್‌ಪೋರ್ಟ್ ಕಾರ್ಗೋದಲ್ಲಿ ಈ ತಿಂಗಳೆಲ್ಲ ಬೆಳಗಿನ ಪಾಳಿ. ಮಧ್ಯಾಹ್ನ ಬಂದು, ಸೋಫಾದ ಮೇಲೆ ನನ್ನ ಪುಸ್ತಕಗಳನ್ನು ಆಚೆ ಸರಿಸಿ ಮಲಗಿಬಿಡುತ್ತಾರೆ. ನಲವತ್ತಾರರ ಹೆಂಡತಿ ಎಂ.ಎಸ್ಸಿ. ಓದುತ್ತಾಳೆಂದು ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳುವುದನ್ನು ಮಾತ್ರ ಬಿಟ್ಟಿಲ್ಲ.

ಫೋನಿದ್ದೂ ಕಾಗದ ಏಕೆ ಎಂದು ನಿನಗೆ ಅನ್ನಿಸಿರಬೇಕು. ಫೋನಿನಲ್ಲಿ ನಾವು ಅಕ್ಕತಂಗಿಯರು ಮಾತಾಡಿದ್ದು ಎಂದಾದರೂ ನಮ್ಮಿಬ್ಬರಲ್ಲೇ ಉಳಿದಿದೆಯೇ? ಪಕ್ಕದಲ್ಲಿ ವೀರಣ್ಣ ಮಾಮಾ ಇರುತ್ತಾರೆ, ಅವರಿಗೆ ಮಗನೆಂದರೆ ಜೀವ, ನಾನು ಅರ್ಧ ಹೇಳುವಷ್ಟರಲ್ಲಿ ಅವರಿಗೆ ಬಿ.ಪಿ. ಏರುತ್ತದೆ. ನಮ್ಮ ಬೀದಿಯ ಉದಯಶಂಕರ್ ಇವತ್ತು ಊರಿಗೆ ಹೊರಟಿದ್ದಾರೆ. ನಿನ್ನ ಕೈಗೇ ಕೊಡಬೇಕೆಂದು ಹೇಳಿ ಅವರ ಹತ್ತಿರ ಕಳಿಸುತ್ತಿದ್ದೇನೆ.

ಮಾತು ನಿನ್ನ ಮಗ ಅಮರನದು. ನಾನು ಓದುವ ಕೋರ್ಸಿಗೇ ಅವನನ್ನೂ ಕಳಿಸು, ನನ್ನ ಕಣ್ಣ ಮುಂದೆ ಇರುತ್ತಾನೆ ಎಂದು ಹೇಳಿದವಳು ನಾನೇ. ಆ ನಾಲಿಗೆಯನ್ನು ಈಗ ಏನು ಮಾಡಲಿ? ಇಪ್ಪತ್ತೈದು ಸಾವಿರ ಮಕ್ಕಳಿರುವ ಯೂನಿವರ್ಸಿಟಿಯಲ್ಲಿ ಕಣ್ಣ ಮುಂದೆ ಇರುವುದೆಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಮೊದಲ ವಾರವೇ ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು, "ಚಿಗವ್ವ, ಕ್ಲಾಸಿನ್ಯಾಗ ನನಗ ಪುಟ್ಯಾ ಅನಬ್ಯಾಡ, ಮಂದಿ ನಗತಾರ" ಎಂದ. ಆಗಲಿ ಎಂದೆ. ಇಲ್ಲಿ ಬುಧವಾರ ಮಧ್ಯಾಹ್ನ ಆಟಕ್ಕೆ ಬಿಡುವು ಕೊಡುತ್ತಾರೆ. ಆಟ ಮುಗಿದ ಮೇಲೆ ಪಾರ್ಟಿ. ಆಟವೇ ಆಡದ ನಿನ್ನ ಮಗನಿಗೆ ಮೂರು ಕ್ಲಬ್ಬಿನ ಪಾರ್ಟಿಗಳಿಗೆ ಕರೆ ಇರುತ್ತದೆ. ನಮ್ಮ ಮುಖ್ಯ ಕ್ಲಾಸು ಗುರುವಾರ ಹತ್ತಕ್ಕೆ. ಇದನ್ನು ಯಾವ ಪುಣ್ಯಾತ್ಮ ಹೊಂದಿಸಿದನೋ, ಗುರುವಾರ ಅರ್ಧ ಕ್ಲಾಸು ಖಾಲಿ, ಉಳಿದರ್ಧ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತದೆ. ನಾನೊಬ್ಬಳು ಮುಂದಿನ ಸಾಲಿನಲ್ಲಿ ಫ್ಲಾಸ್ಕಿನ ಚಹಾ ಕುಡಿಯುತ್ತ ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ಆ ನೋಟ್ಸು ಸಂಜೆಯ ಹೊತ್ತಿಗೆ ಎಷ್ಟು ಜನರ ಫೋನಿನಲ್ಲಿರುತ್ತದೋ ನನಗೇ ಗೊತ್ತಿಲ್ಲ.

ಜನವರಿಯಲ್ಲಿ ನಾಲ್ಕು ನಾಲ್ಕು ಜನರ ಗುಂಪು ಮಾಡಿದರು. ಕಂಪ್ಯೂಟರ್ ಹಂಚಿದ್ದು, ನಾನು ಕೇಳಿಕೊಂಡದ್ದಲ್ಲ. ನಾನು, ಅಮರ, ಬೆಂಗಳೂರಿನ ಮೈತ್ರೇಯಿ ಎಂಬ ಹುಡುಗಿ, ನೈಜೀರಿಯಾದ ಒಬ್ಬ ಡಾಕ್ಟರು. ಯೂನಿವರ್ಸಿಟಿಯ ಮಕ್ಕಳು ಏನು ತಿನ್ನುತ್ತಾರೆ, ಎಷ್ಟು ಹೊತ್ತು ಮಲಗುತ್ತಾರೆ ಎಂದು ವಿಚಾರಿಸಿ ವರದಿ ಒಪ್ಪಿಸಬೇಕು. ಫೆಬ್ರವರಿಯ ಕೊನೆಯ ಗುರುವಾರ ಎಲ್ಲರೆದುರು ಅದನ್ನು ಮಂಡಿಸುವ ದಿನ. ಲೆಕ್ಕಾಚಾರದ ಭಾಗ ಪೂರ್ತಿ ಅಮರನ ಲ್ಯಾಪ್‌ಟಾಪಿನಲ್ಲಿತ್ತು. ಮಂಗಳವಾರ ಕೇಳಿದರೆ ಆಗೇತಿ ಎಂದ, ಬುಧವಾರ ಕೇಳಿದರೆ ಕಳಸ್ತೀನಿ ಎಂದ. ಗುರುವಾರ ಹತ್ತಾದರೂ ಅವನೂ ಇಲ್ಲ, ಫೋನೂ ಇಲ್ಲ. ನಮ್ಮ ಮೇಡಂ ಸೌಮ್ಯವಾಗಿಯೇ, ನಿಮ್ಮ ನಾಲ್ಕನೆಯವರು ಎಲ್ಲಿ ಎಂದರು. ಅಕ್ಕಾ, ನನ್ನ ಬಾಯಿಂದ ಅದು ಹೇಗೆ ಬಂತೋ, ಅವನಿಗೆ ಜೋರು ಜ್ವರ ಎಂದುಬಿಟ್ಟೆ. ಕೈಯಲ್ಲಿ ಬರೆದುಕೊಂಡಿದ್ದ ಹಳೆಯ ಅಂಕಿಗಳನ್ನು ಹಿಡಿದು ನಾನೇ ತಡವರಿಸುತ್ತ ಅವನ ಭಾಗ ಹೇಳಿದೆ. ಕೊನೆಯ ಮಾತು ಹೇಳುವಷ್ಟರಲ್ಲಿ ಬಾಗಿಲು ತೆರೆಯಿತು. ರಾತ್ರಿಯ ವೇಷದ ಪಾರ್ಟಿಗೆ ಹಾಕಿದ್ದ ಕಡಲ್ಗಳ್ಳರ ಪಟ್ಟೆ ಪಟ್ಟೆ ಅಂಗಿ, ಕೆನ್ನೆ ತುಂಬ ಬೆಳ್ಳಿಯ ಮಿನುಗುಪುಡಿ, ನಿನ್ನ ಕುಲದೀಪಕ ನಗುತ್ತ ನಿಂತಿದ್ದ. ಕ್ಷಮಿಸಿ, ನಿದ್ದೆ ಹತ್ತಿಬಿಟ್ಟಿತ್ತು ಎಂದು ತಾನೇ ಹೇಳಿದ. ಮೇಡಂ ನನ್ನ ಮುಖ ನೋಡಿ, ಜ್ವರ ಇಳಿದದ್ದು ಸಂತೋಷ ಎಂದರು. ಅಷ್ಟೇ. ಇಪ್ಪತ್ತೆರಡು ವರ್ಷ ಈ ದೇಶದಲ್ಲಿದ್ದೇನೆ, ಅಂಥ ನಾಚಿಕೆ ಎಂದೂ ಪಟ್ಟಿರಲಿಲ್ಲ.

ಇದರ ಮೇಲೆ ಒಂದು ಫಾರ್ಮು. ಗುಂಪಿನಲ್ಲಿ ಯಾರು ಎಷ್ಟು ಕೆಲಸ ಮಾಡಿದರೆಂದು ಒಬ್ಬರು ಇನ್ನೊಬ್ಬರಿಗೆ ಐದರಲ್ಲಿ ಅಂಕ ಹಾಕಬೇಕು. ಅದು ತೀರಾ ಕಡಿಮೆಯಾದರೆ ಆ ವಿಷಯದಲ್ಲಿ ಫೇಲು. ಅಂದು ಮಧ್ಯಾಹ್ನವೇ ಅಮರ ಮೆಸೇಜು ಹಾಕಿದ: "ಚಿಗವ್ವ, ಐದು ಹಾಕಿಬಿಡು, ಮನಿ ಮಂದಿ ನಾವು." ಆಚೆ ಮೈತ್ರೇಯಿ ಬಂದು, "ಆಂಟಿ, ನೀವು ಎಷ್ಟು ಹಾಕ್ತೀರೋ ನಾವೂ ಅಷ್ಟೇ ಹಾಕ್ತೀವಿ. ನಿಮ್ಮ ಹುಡುಗ ಅಲ್ವಾ" ಎಂದಳು. ಇಬ್ಬರೂ ನನ್ನ ತಲೆಗೇ ಕಟ್ಟಿದರು.

ಆ ಶನಿವಾರ ಮಧ್ಯಾಹ್ನ ವೆಂಬ್ಲಿಗೆ, ಅಮರನ ರೂಮಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತ ಹೋಗಿದ್ದೆ. ಸ್ಟೇಡಿಯಂ ಪಕ್ಕದ ಆ ಎತ್ತರದ ಕಟ್ಟಡದಲ್ಲಿ ಹದಿಮೂರನೇ ಮಹಡಿ, ಆರು ಜನಕ್ಕೆ ಒಂದು ಅಡುಗೆಮನೆ, ಸಿಂಕಿನ ತುಂಬ ತೊಳೆಯದ ಪಾತ್ರೆ. ಅವನು ಚಹಾ ಮಾಡಿಕೊಟ್ಟ. ನಾನು ಬೈದೆ, ಚೆನ್ನಾಗಿಯೇ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಆಮೇಲೆ, "ಮೊದಲ ಎರಡು ತಿಂಗಳ ಈ ರೂಮಿನ್ಯಾಗ ನಾ ಒಬ್ಬಾವನ ಇದ್ದೆ ಚಿಗವ್ವ. ಐತವಾರ ಬರ್ತೀನಿ ಅಂತಿದ್ದಿ, ಒಮ್ಮೆನೂ ಬರಲಿಲ್ಲ. ನಿನಗೂ ಓದೂದಿತ್ತು, ನಾ ಏನೂ ಅನ್ನಲಿಲ್ಲ. ಈ ಮಂದಿ ಕರದ್ರು, ಹ್ವಾದೆ" ಎಂದ. ಅದು ಸುಳ್ಳಲ್ಲ. ಹೋಗಬೇಕೆಂದುಕೊಂಡ ಪ್ರತಿ ಭಾನುವಾರ ನನಗೆ ಒಂದಲ್ಲ ಒಂದು ಅಸೈನ್‌ಮೆಂಟ್ ಇತ್ತು. ನಿನಗೆ ಮಾತ್ರ ಹುಡುಗ ಚೆನ್ನಾಗಿದ್ದಾನೆ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದೆ.

"ಬುಧವಾರ ಹೋಗು, ಯಾರು ಬ್ಯಾಡಂದ್ರು. ಗುರುವಾರ ಯಾಕ ಬರೂದಿಲ್ಲ?" ಎಂದು ಕೇಳಿದೆ. ಚಹಾದ ಲೋಟಗಳನ್ನು ಸಿಂಕಿಗೆ ಹಾಕುತ್ತ, "ಏಳಾಕ ಆಗೂದಿಲ್ಲ" ಎಂದ. ಇಷ್ಟು ತಿಂಗಳಲ್ಲಿ ಅವನು ಹೇಳಿದ ಮೊದಲ ನೆಟ್ಟಗಿನ ಮಾತು ಅದು. ಇಬ್ಬರೂ ಸೇರಿ ಪಾತ್ರೆ ತೊಳೆದೆವು. ಆಮೇಲೆ ಅಲ್ಲೇ ಕೂತು, ಅವನೆದುರಿಗೇ ಆ ಫಾರ್ಮು ತುಂಬಿ ಕಳಿಸಿದೆ.

ವೀರಣ್ಣ ಮಾಮಾನಿಗೆ ನನ್ನ ನಮಸ್ಕಾರ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ನಿಮ್ಮೆಲ್ಲರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಭುವನೇಶ್ವರಿ

ತಾ.ಕ.: ಉದಯಶಂಕರ್ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಎಷ್ಟು ಹಾಕಿದೆ ಎಂದು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಒಂದು ಹಾಕಿದೆ ಅಕ್ಕಾ. ಕ್ಯಾಂಟೀನಿನಲ್ಲಿ ಅರವತ್ತು ಜನರನ್ನು ಮಾತಾಡಿಸಿ ಪ್ರಶ್ನೆ ಕೇಳಿಕೊಂಡು ಬಂದವನು ಅವನೊಬ್ಬನೇ, ಅದಕ್ಕೆ ಆ ಒಂದು. ಉಳಿದಿಬ್ಬರೂ ಒಂದನ್ನೇ ಹಾಕಿದರು. ಈ ಬುಧವಾರ ಫಲಿತಾಂಶ ಬಂತು, ಅವನು ಫೇಲಾಗಿದ್ದಾನೆ. ಆಗಸ್ಟಿನಲ್ಲಿ ಒಬ್ಬನೇ ಮತ್ತೆ ಎಲ್ಲ ಮಾಡಿ ಒಪ್ಪಿಸಬೇಕು, ಆಗಲೂ ತಪ್ಪಿದರೆ ಡಿಗ್ರಿ ಇಲ್ಲ. "ಅವ್ವಗ ನಾನ ಹೇಳ್ತೀನಿ, ನೀ ಹೇಳಬ್ಯಾಡ" ಎಂದಿದ್ದ, ಹ್ಞೂಂ ಎಂದಿದ್ದೆ, ಆ ಮಾತನ್ನೂ ಈಗ ಮುರಿದೆ. ಅವನಾಗಿಯೇ ಹೇಳುವವರೆಗೆ ನಿನಗೇನೂ ಗೊತ್ತಿಲ್ಲದ ಹಾಗೆ ಇರು. ಸಿಟ್ಟು ಬಂದರೆ ನನ್ನನ್ನು ಬೈ. ಮೊನ್ನೆ ಗುರುವಾರ ನಾನು ಕ್ಲಾಸಿಗೆ ಹೋದಾಗ ಇನ್ನೂ ಹತ್ತಾಗಿರಲಿಲ್ಲ, ಅವನು ಆಗಲೇ ಬಂದು ಕೂತಿದ್ದ. ನನ್ನ ಜೊತೆ ಮಾತಾಡಲಿಲ್ಲ, ಮುಖವನ್ನೂ ನೋಡಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಬ್ಯಾಗನ್ನು ಮಾತ್ರ ಎತ್ತಿ ಕೆಳಗಿಟ್ಟ.